ಡೇಲ್‌ನ ಅರ್ಥ, ಓಟಿಸ್‌ನ ಅರ್ಥ

"ಕೇಳುವ ಎಲ್ಲರಿಗೂ ನಮಸ್ಕಾರ. ಇವತ್ತು ಈ ಮೈಕಿನ ಎದುರು ಕೂತವ ಪ್ರೇಮನಾಥ ಅಲ್ಲ, ಅಮೆರಿಕದಲ್ಲಿ ಪ್ರೇಮನಾಥನ ಪಕ್ಕದ ಮನೆಯಲ್ಲಿದ್ದ ಡೇಲ್ ಅಂತ ತಿಳಿದುಕೊಳ್ಳಿ. ನಾನು ಓಹಾಯೋದವ. ಟಯರ್ ಕಾರ್ಖಾನೆಯಲ್ಲಿ ನನ್ನ ಅಪ್ಪ ಇದ್ದ, ನಾನೂ ಇದ್ದೆ. ಮಗನೂ ಅಲ್ಲಿಗೇ ಹೋಗುತ್ತಾನೆ ಅಂತ ಅಂದುಕೊಂಡಿದ್ದೆ, ಅಷ್ಟರಲ್ಲಿ ಬಾಗಿಲು ಹಾಕಿದರು. ಬಾಗಿಲು ಹಾಕಿದವರು ಎರಡೂ ಪಾರ್ಟಿಯವರ ಮನೆಯಲ್ಲಿ ಊಟ ಮಾಡುವವರು, ಅದು ನನಗೆ ಗೊತ್ತುಂಟು. ಮಗ ಸೈನ್ಯಕ್ಕೆ ಸೇರಿದ. ಈಗ ಮರಳುಗಾಡಿನಲ್ಲಿದ್ದಾನೆ. ಓದಿದವರು ಟಿವಿಯಲ್ಲಿ ಸಾಲಾಗಿ ಕೂತು ಇದು ತಪ್ಪು ಯುದ್ಧ ಅನ್ನುತ್ತಾರೆ. ಅವರ ಮಕ್ಕಳು ಯಾರೂ ಅಲ್ಲಿಲ್ಲ. ನನ್ನ ಬಾಯಲ್ಲಿ ಅದನ್ನು ಹೇಳಿಸಲಿಕ್ಕೆ ನೋಡಬೇಡಿ. ಮಗ ತಿರುಗಿ ಬಂದು ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂರುವವರೆಗೆ ಇದು ಸರಿಯಾದ ಯುದ್ಧವೇ. ತಪ್ಪು ಅಂತ ಒಪ್ಪಿಕೊಂಡರೆ ನಾನೂ ನನ್ನ ಹೆಂಡತಿಯೂ ನಿದ್ರೆ ಮಾಡುವುದು ಹೇಗೆ? ಪಕ್ಕದ ಮನೆಯ ಇಂಡಿಯಾದವ ಕೆಲಸ ಮಾಡುವ ಮ್ಯೂಸಿಯಂಗೆ ಒಮ್ಮೆ ಹೋಗಿದ್ದೆ. ಒಂದು ಗೋಡೆ ಪೂರ್ತಿ ಕೆಂಪು ಬಳಿದ ಬಟ್ಟೆ, ಮತ್ತೆ ಎಂತದೂ ಇಲ್ಲ. ನನ್ನ ಗ್ಯಾರೇಜಿನ ಬಾಗಿಲಿಗೆ ನಾನು ಇದಕ್ಕಿಂತ ಚಂದ ಬಣ್ಣ ಹೊಡೆದಿದ್ದೇನೆ ಅಂತ ಹೇಳಿದೆ. ಹತ್ತಿರ ನಿಂತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು. ಆ ನಗು ಉಂಟಲ್ಲ, ನಾನು ವೋಟು ಹಾಕುವುದು ಅದರ ವಿರುದ್ಧ. ಯಾರು ನಿಂತಿದ್ದಾರೆ ಅಂತ ಆಮೇಲೆ ನೋಡುತ್ತೇನೆ."

ಇದು ನನ್ನ ಅಣ್ಣ ಪ್ರೇಮನಾಥ ಎರಡು ಸಾವಿರದ ನಾಲ್ಕನೇ ಇಸವಿಯ ಅಕ್ಟೋಬರಿನಲ್ಲಿ ಮೆಲ್ಬರ್ನಿನ ಕನ್ನಡ ರೇಡಿಯೋದಲ್ಲಿ ಆಡಿದ ಮಾತು. ಅಮೆರಿಕದಲ್ಲಿ ಆಗ ಎಲೆಕ್ಷನ್ ಹತ್ತಿರ ಇತ್ತು. ನಾನು ಇರುವುದು ಸಿಡ್ನಿಯಲ್ಲಿ ಮಗಳ ಜೊತೆ. ಮೆಲ್ಬರ್ನಿನ ರೇಡಿಯೋ ನಮಗೆ ಕೇಳುವುದಿಲ್ಲ. ಅಣ್ಣನ ಮಗ ಸುಕೇಶ್ ಪ್ರತಿ ಸಲ ಸಿ.ಡಿ. ಮಾಡಿ ಕಳಿಸುತ್ತಿದ್ದ. ಮಗಳು ನಾರ್ವೆಸ್ಟ್ ಬಡಾವಣೆಯ ಆಫೀಸಿಗೆ ಹೋದ ಮೇಲೆ ನಾನು ಬೀನ್ಸ್ ಮುರಿಯುತ್ತಲೋ ಬಟ್ಟೆ ಮಡಚುತ್ತಲೋ ಅದನ್ನು ಕೇಳುತ್ತಿದ್ದೆ. ಹಾಗಾಗಿ ಈ ಮಾತು ಹೆಚ್ಚುಕಮ್ಮಿ ಇದ್ದ ಹಾಗೆಯೇ ಬರೆದಿದ್ದೇನೆ.

ನಮ್ಮ ಸಿಡ್ನಿಯ ಸಂಘದವರು ಸಂಚಿಕೆಗೆ ಯಾರಾದರೂ ಹಿರಿಯರ ಬಗ್ಗೆ ಬರೆದು ಕೊಡಿ ಆಂಟಿ ಅಂತ ಕೇಳಿದರು. ದೊಡ್ಡ ಕೆಲಸ ಮಾಡಿದವರ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನನಗೆ ಗೊತ್ತಿರುವುದು ಅಣ್ಣ.

ನಾವು ಮೂಲ್ಕಿಯವರು. ಮನೆಯಲ್ಲಿ ತುಳು. ನಾನು ಐದನೇ ಕ್ಲಾಸು ಮುಗಿಸಿ ಬೀಡಿ ಕಟ್ಟಲಿಕ್ಕೆ ಕೂತೆ. ಅಣ್ಣ ಓದಿ ಮಂಗಳೂರಿನಲ್ಲಿ ಬ್ಯಾಂಕಿನ ಗುಮಾಸ್ತನಾದ. ಶನಿವಾರ ಸಂಜೆ ಬೀಡಿ ಡಿಪೋದ ಜಗಲಿಯಲ್ಲಿ ತಾಳಮದ್ದಳೆ ಆಗುತ್ತಿತ್ತು. ಡಿಪೋದ ಧಣಿ ಶೇಖರಣ್ಣನಿಗೆ ಅದರ ಹುಚ್ಚು. ನಾವು ಹೆಂಗಸರು ಬದಿಯ ಕೋಣೆಯಲ್ಲಿ ಎಲೆ ಕತ್ತರಿಸುತ್ತಾ ಕೇಳುವುದು. ಕೈಗೆ ಕೆಲಸ, ಕಿವಿ ಬಿಡುವು.

ತಾಳಮದ್ದಳೆ ನೋಡದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಎದುರುಬದುರು ಕೂತವರು ಒಬ್ಬ ದೇವರಾಗಿ, ಒಬ್ಬ ಅಸುರನಾಗಿ ಅಲ್ಲಲ್ಲೇ ಮಾತು ಕಟ್ಟಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಅಂತಲೇ ಹೆಸರು. ಇವತ್ತು ದೇವರ ಅರ್ಥ ಹೇಳಿದವನು ಮುಂದಿನ ಶನಿವಾರ ಅಸುರನ ಅರ್ಥ ಹೇಳುತ್ತಾನೆ. ಅಸುರನ ಮಾತು ಸಪ್ಪೆಯಾದರೆ ಜನ ಎದ್ದು ಹೋಗುತ್ತಾರೆ. ಚೆನ್ನಾಗಿ ಹೇಳಿದರೆ ಮರುದಿನ ಮೀನು ಮಾರ್ಕೆಟಿನಲ್ಲಿ, "ಎಂತ ಮಾರಾಯ, ನಿನ್ನೆ ದೇವರ ಬಾಯಿ ಮುಚ್ಚಿಸಿದ್ದಿಯಲ್ಲ!" ಅಂತ ಬೆನ್ನು ತಟ್ಟುತ್ತಾರೆ. ನೀನು ದೇವರ ವಿರೋಧಿಯಾ ಅಂತ ಯಾರೂ ಕೇಳುವುದಿಲ್ಲ. ಅಣ್ಣ ಅಲ್ಲಿ ಹೆಚ್ಚಾಗಿ ಅಸುರನ ಕಡೆ ಕೂರುತ್ತಿದ್ದ. ಅತ್ತಿಗೆ ವಿನೋದಾ ಅವನನ್ನು ಮದುವೆಗೆ ಒಪ್ಪಿದ್ದೇ ಆ ಮಾತು ಕೇಳಿ.

ಅತ್ತಿಗೆಯ ಅಣ್ಣ ಅಮೆರಿಕದಲ್ಲಿ ಡಾಕ್ಟರು. ಅವರು ಕರೆಸಿಕೊಂಡ ಮೇಲೆ ಇವರು ಓಹಾಯೋಕ್ಕೆ ಹೋದರು. ಅಣ್ಣನಿಗೆ ಆಗ ನಲವತ್ತು ದಾಟಿತ್ತು. ಊರಿನ ಬ್ಯಾಂಕಿನ ಅನುಭವ ಅಲ್ಲಿ ಯಾರಿಗೂ ಬೇಡ. ಕಡೆಗೆ ಒಂದು ಮ್ಯೂಸಿಯಂನಲ್ಲಿ ಕಾವಲು ಕೆಲಸ ಸಿಕ್ಕಿತು. ನೀಲಿ ಕೋಟು ಹಾಕಿಕೊಂಡು ಚಿತ್ರಗಳ ಕೋಣೆಯಲ್ಲಿ ದಿನವಿಡೀ ನಿಲ್ಲುವುದು, ಯಾರೂ ಮುಟ್ಟದ ಹಾಗೆ ನೋಡುವುದು. ಹದಿನೇಳು ವರ್ಷ ಅದನ್ನೇ ಮಾಡಿದ. ನಾನು ಒಮ್ಮೆ ಫೋನಿನಲ್ಲಿ, "ಕಾಲು ನೋಯುವುದಿಲ್ಲವಾ ಅಣ್ಣ?" ಅಂದೆ. "ಕಾಲಿಗಿಂತ ಬಾಯಿ ನೋಯುತ್ತದೆ ಮಾರಾಯ್ತಿ. ಮಾತಾಡುವ ಹಾಗಿಲ್ಲ" ಅಂದ.

ಅಲ್ಲಿ ಅವನ ಜೊತೆಗಿದ್ದ ಇನ್ನೊಬ್ಬ ಕಾವಲುಗಾರ ಓಟಿಸ್. ಕಪ್ಪು ಜನ, ಅಣ್ಣನದ್ದೇ ಪ್ರಾಯದವರು. ಹಿಂದೆ ವಿಯೆಟ್ನಾಮಿನ ಯುದ್ಧಕ್ಕೆ ಹೋಗಿ ಬಂದವರು, ಭಾನುವಾರ ಚರ್ಚಿನಲ್ಲಿ ದಪ್ಪ ಸ್ವರದಲ್ಲಿ ಹಾಡುವವರು. ಚಿತ್ರ ನೋಡಲಿಕ್ಕೆ ಅಣ್ಣನಿಗೆ ಕಲಿಸಿದ್ದು ಅವರೇ. ಒಂದೇ ಚಿತ್ರವನ್ನು ಬೆಳಿಗ್ಗೆ ನೋಡು, ಕಿಟಕಿಯ ಬೆಳಕು ಇಳಿದ ಮೇಲೆ ನೋಡು, ಎರಡು ಚಿತ್ರ ಕಾಣುತ್ತದೆ ಅನ್ನುತ್ತಿದ್ದರಂತೆ. ಡೇಲ್ ಗ್ಯಾರೇಜಿನ ಬಾಗಿಲಿಗೆ ಹೋಲಿಸಿದ ಆ ಕೆಂಪು ಬಟ್ಟೆಯನ್ನು ಹದಿನೇಳು ವರ್ಷ ಕಾದವನು ನಮ್ಮ ಅಣ್ಣ. ಅದು ಚಂದವಾ ಅಂತ ನಾನು ಕೇಳಿದ್ದಕ್ಕೆ, "ಮೊದಲ ವರ್ಷ ಡೇಲ್ ಹೇಳಿದ್ದು ಸರಿ ಅನಿಸಿತು, ಕೊನೆಯ ವರ್ಷ ಓಟಿಸ್ ಹೇಳಿದ್ದು. ಈಗ ಅದು ಇಲ್ಲದೆ ಬೇಜಾರು" ಅಂದಿದ್ದ.

ಡೇಲ್ ಪಕ್ಕದ ಮನೆಯವರು. ಹಿಮ ಬಿದ್ದಾಗ ಅಣ್ಣನ ಬಾಗಿಲ ಎದುರಿನದ್ದನ್ನೂ ಅವರೇ ತೆಗೆದು ಹಾಕುತ್ತಿದ್ದರು. ಎಲೆಕ್ಷನ್ ಬಂದರೆ ಅಮೆರಿಕದವರು ಮನೆಯ ಎದುರಿನ ಹುಲ್ಲಿನಲ್ಲಿ ತಮ್ಮ ಪಾರ್ಟಿಯ ಬೋರ್ಡು ಚುಚ್ಚುತ್ತಾರಂತೆ. ಡೇಲ್ ಒಂದು ಪಾರ್ಟಿ, ಓಟಿಸ್ ಇನ್ನೊಂದು. ಇಬ್ಬರೂ ಅತ್ತಿಗೆಯ ಕೈಯ ಮೀನುಸಾರಿಗೆ ಬರುತ್ತಿದ್ದರು. ಮೇಜಿನ ಆ ಬದಿ ಒಬ್ಬ, ಈ ಬದಿ ಒಬ್ಬ. ಊಟ ಮುಗಿಯುವವರೆಗೆ ವಾದ. ಅಣ್ಣ ನಡುವೆ ಕೂತು ಒಬ್ಬನಿಗೆ ಮುಳ್ಳು ತೆಗೆದು ಕೊಡುವುದು, ಇನ್ನೊಬ್ಬನಿಗೆ ನೀರು ಕೊಡುವುದು. "ಅಮೆರಿಕದಲ್ಲಿ ತಾಳಮದ್ದಳೆ ಇಲ್ಲ ಅಂತ ಯಾರು ಹೇಳಿದ್ದು? ಭಾಗವತರು ಇಲ್ಲ, ಅಷ್ಟೇ" ಅನ್ನುತ್ತಿದ್ದ.

ಅತ್ತಿಗೆ ತೀರಿಕೊಂಡರು. ಸುಕೇಶನಿಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಅವನು, ಹೆಂಡತಿ ನಿಶ್ಮಿತಾ ಮೆಲ್ಬರ್ನಿಗೆ ಬಂದು ಮನೆ ಮಾಡಿದ ಮೇಲೆ ಅಣ್ಣನೂ ಬಂದ. ಸುಕೇಶನ ಆಫೀಸಿನಲ್ಲೇ ಇದ್ದವರು ಲಕ್ಷ್ಮೀಶ, ಮೈಸೂರಿನವರು. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕನ್ನಡ ರೇಡಿಯೋ ನಡೆಸುವವರಲ್ಲಿ ಅವರೂ ಒಬ್ಬರು. ಸಂಬಳ ಗಿಂಬಳ ಇಲ್ಲ, ಅಭಿಮಾನದ ಕೆಲಸ. ಒಮ್ಮೆ ಮನೆಗೆ ಬಂದವರು ಅಣ್ಣನ ಮಾತು ಕೇಳಿ, "ಸರ್, ಇದನ್ನೆಲ್ಲ ನಮ್ಮ ರೇಡಿಯೋದಲ್ಲಿ ಹೇಳಿ ಸರ್, ಸೂಪರಾಗಿದೆ" ಅಂದರು. ತಿಂಗಳಿಗೆರಡು ಸಲ ಅಣ್ಣ ಅಮೆರಿಕದ ಬಗ್ಗೆ ಮಾತಾಡಲಿಕ್ಕೆ ಶುರು ಮಾಡಿದ. ಚಿತ್ರ ನೋಡಲು ಬಂದವರು ಚಿತ್ರಕ್ಕಿಂತ ಅದರ ಕೆಳಗಿನ ಚೀಟಿಯನ್ನೇ ಹೆಚ್ಚು ಹೊತ್ತು ನೋಡುವುದು, ಚರ್ಚಿನ ನೆಲಮಾಳಿಗೆಯಲ್ಲಿ ವೋಟು ಹಾಕಿ ಬಂದವರಿಗೆ ಅಲ್ಲಿಯ ಹೆಂಗಸರು ಕೇಕ್ ಮಾರುವುದು, ಆಟದ ಮೈದಾನದಲ್ಲಿ ಶಾಲೆಯ ಹುಡುಗಿ ರಾಷ್ಟ್ರಗೀತೆಯ ಸ್ವರ ತಪ್ಪಿದರೆ ಎರಡೂ ತಂಡದವರು ಸೇರಿ ಚಪ್ಪಾಳೆ ತಟ್ಟಿ ಅವಳನ್ನು ದಾಟಿಸುವುದು, ಇಂಥದ್ದು. ಜನರಿಗೆ ಇಷ್ಟವಾಯಿತು. ಇಂಡಿಯನ್ ಅಂಗಡಿಯಲ್ಲಿ, "ನೀವೇ ಅಲ್ವಾ ರೇಡಿಯೋ ಅಂಕಲ್?" ಅಂತ ಕೇಳುವವರಾದರು.

ಆಮೇಲೆ ಅಮೆರಿಕದ ಎಲೆಕ್ಷನ್ ಹತ್ತಿರ ಬಂತು. ಡೇಲ್‌ಗೂ ಓಟಿಸ್‌ಗೂ ಅಣ್ಣ ಫೋನು ಮಾಡಿ, ಈ ಸಲ ನಿಮ್ಮಿಬ್ಬರ ಅರ್ಥ ಹೇಳುತ್ತೇನೆ, ಮೊದಲು ಡೇಲ್, ಮುಂದಿನ ಸಲ ಓಟಿಸ್, ಸಿ.ಡಿ. ಕಳಿಸುತ್ತೇನೆ ಅಂತ ಮಾತು ಕೊಟ್ಟ. ಅವರಿಗೆ ಕನ್ನಡ ಒಂದಕ್ಷರ ಬಾರದು. ಆದರೂ ಆಸ್ಟ್ರೇಲಿಯಾದ ರೇಡಿಯೋದಲ್ಲಿ ತಮ್ಮ ಹೆಸರು ಅಂತ ಇಬ್ಬರಿಗೂ ಖುಷಿ. ಲಕ್ಷ್ಮೀಶರಿಗೆ ಮಾತ್ರ ಅಣ್ಣ, "ಈ ವಾರ ನೆರೆಮನೆಯವ, ಮುಂದೆ ಜೊತೆ ಕೆಲಸದವ" ಅಂತ ಅಷ್ಟೇ ಹೇಳಿದ್ದ. ಉಳಿದದ್ದು ಅವರಿಗೆ ತಿಳಿಯುತ್ತದೆ ಅಂತ ಅವನ ಲೆಕ್ಕ. ಅರ್ಥ ಅಂದರೆ ಎರಡು ಬದಿ ಇದ್ದೇ ಇರುತ್ತದೆ, ಅದನ್ನು ಬಿಡಿಸಿ ಹೇಳುವುದು ಎಂತದಕ್ಕೆ?

ಮೂಲ್ಕಿಯ ಜಗಲಿಯಲ್ಲಿ ಹೇಳಬೇಕಾಗಿರಲಿಲ್ಲ. ಮೆಲ್ಬರ್ನಿನಲ್ಲಿ ಹೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಜನ ರೇಡಿಯೋದ ಎದುರು ಕೈಕಟ್ಟಿ ಕೂರುವುದಿಲ್ಲ. ಒಬ್ಬರು ಕಾರಿನಲ್ಲಿ ಮಗುವನ್ನು ಈಜಿಗೆ ಬಿಡಲಿಕ್ಕೆ ಹೋಗುತ್ತಿರುತ್ತಾರೆ, ಒಬ್ಬರು ದೋಸೆ ಹಾಕುತ್ತಿರುತ್ತಾರೆ. ನಾನು ಡೇಲ್ ಅಂತ ಅಣ್ಣ ಹೇಳಿದ ಮೊದಲ ಮಾತು ಎಷ್ಟೋ ಜನಕ್ಕೆ ಕೇಳಲಿಲ್ಲ. ಕೇಳಿದ್ದು, ಇದು ಸರಿಯಾದ ಯುದ್ಧವೇ ಅನ್ನುವ ಮಾತು. ಅದೂ ಎದೆಗೆ ನಾಟುವ ಹಾಗೆ ಹೇಳಿದ್ದ.

ಮೊದಲ ಫೋನು ಶಿವಬಸಪ್ಪ ಅನ್ನುವವರದ್ದು. ಧಾರವಾಡದ ಕಡೆಯವರು. ಯುದ್ಧ ಶುರುವಾಗುವ ಮುಂಚೆ ಮೆಲ್ಬರ್ನಿನ ಬೀದಿಯಲ್ಲಿ ಬೇಡ ಬೇಡ ಅಂತ ದೊಡ್ಡ ಮೆರವಣಿಗೆ ಆಯಿತಲ್ಲ, ಅದರಲ್ಲಿ ಸಣ್ಣ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದವರಂತೆ. "ಏನ್ರಿ ಲಕ್ಷ್ಮೀಶ ಅವರ, ನಮ್ಮ ರೇಡಿಯೋದಾಗ ಯುದ್ಧದ ಜಾಹೀರಾತು ಯಾವಾಗಿಂದ ಹಚ್ಚೀರಿ?" ಅಂದರಂತೆ. ಅವರ ಹಿಂದೆ ಇನ್ನೂ ಹತ್ತಾರು ಫೋನು. ಒಬ್ಬಾಕೆ, "ಆ ಅಂಕಲ್‌ಗೆ ಅಷ್ಟೊಂದು ಪ್ರೀತಿ ಇದ್ರೆ ಅಲ್ಲೇ ಇರಬಹುದಿತ್ತಲ್ಲ" ಅಂದಳಂತೆ. ರೇಡಿಯೋ ಕಮಿಟಿಯವರು ಸೇರಿದರು. ಎಲೆಕ್ಷನ್ ಹೊತ್ತಿನಲ್ಲಿ ಒಂದು ಪಾರ್ಟಿಯ ಪರ ಮಾತಾಡುವ ಹಾಗಿಲ್ಲ ಅಂತ ನಿಯಮ ಉಂಟಂತೆ. ಲಕ್ಷ್ಮೀಶ ಸುಕೇಶನ ಹತ್ತಿರ ಆಫೀಸಿನಲ್ಲಿ, "ಅಂಕಲ್‌ಗೆ ಸ್ವಲ್ಪ ದಿನ ರೆಸ್ಟ್ ಕೊಡೋಣ ಬಾಸ್" ಅಂದರು. ಹೀಗೆ ಅಣ್ಣನ ಮಾತು ನಿಂತಿತು.

ಸುಕೇಶ್ ಮನೆಗೆ ಬಂದು ಹೇಳಿದ: "ಪಪ್ಪ, ಸಾಕು ಬಿಡಿ ಇನ್ನು. ನಮಗೆ ಯಾಕೆ ಅವರ ರಾಜಕೀಯ?"

"ನನ್ನದು ಅರ್ಧ ಆಗಿದೆಯೋ. ಓಟಿಸ್‌ದು ಬಾಕಿ ಉಂಟು."

"ಓಟಿಸ್ ಅಂಕಲ್‌ಗೆ ಏನು ಗೊತ್ತಾಗುತ್ತೆ ಪಪ್ಪ? ಹೇಳಿದೆ ಅಂತ ಹೇಳಿಬಿಡಿ."

ಅವತ್ತಿನಿಂದ ಅಣ್ಣ ಮನೆಯಲ್ಲಿ ಮಾತಾಡುವುದೇ ಕಡಿಮೆ ಮಾಡಿದನಂತೆ. ಇದನ್ನು ನನಗೆ ಫೋನಿನಲ್ಲಿ ಹೇಳಿದವಳು ನಿಶ್ಮಿತಾ.

ಪ್ರತಿ ಭಾನುವಾರ ಅಣ್ಣ ನನಗೆ ಫೋನು ಮಾಡುವ ಪದ್ಧತಿ. ಮಾಡಿದರೆ ಮಗಳು ಸ್ನಾನ ಮಾಡಿ, ತಿಂಡಿ ತಿಂದು, ಅಂಗಡಿಗೆ ಹೋಗಿ ಬಂದರೂ ನಮ್ಮದು ಮುಗಿಯುತ್ತಿರಲಿಲ್ಲ. ಈಗ, "ಹೂಂ. ಇದ್ದೇನೆ. ಊಟ ಆಯಿತು. ಇಡುತ್ತೇನೆ." ನನಗೆ ಸರಿ ಕಾಣಲಿಲ್ಲ. ಡೇಲ್‌ಗೆ ಸಿ.ಡಿ. ಮುಟ್ಟಿತ್ತು. ಅವರು ಅದನ್ನು ಬಂದವರಿಗೆಲ್ಲ ಹಾಕಿ, "ಕೇಳಿ, ಈಗ ನನ್ನ ಹೆಸರು ಬರುತ್ತದೆ, ಹಾಂ, ಬಂತು!" ಅನ್ನುತ್ತಿದ್ದರಂತೆ. ಓಟಿಸ್ ಅದನ್ನು ಕೇಳಿ ಅಣ್ಣನಿಗೆ ಫೋನು ಮಾಡಿ, "ನನ್ನದು ಯಾವಾಗ?" ಅಂತ ಕೇಳಿದರಂತೆ. ಕ್ರಿಸ್ಮಸ್ಸಿಗೆ ಇನ್ನೊಮ್ಮೆ ಕೇಳಿದರಂತೆ. ಅಣ್ಣ, ಬರುತ್ತದೆ ಬರುತ್ತದೆ ಅಂದನಂತೆ. ಮೇಜಿನ ಎರಡು ಬದಿಯಲ್ಲಿ ಕೂತವರಲ್ಲಿ ಒಬ್ಬನಿಗೆ ಬಡಿಸಿ ಇನ್ನೊಬ್ಬನ ಎಲೆ ಖಾಲಿ ಬಿಟ್ಟ ಹಾಗಾಗಿತ್ತು ಅವನಿಗೆ. ನಾನು ಜನವರಿಯಲ್ಲಿ ಮಗಳ ಹತ್ತಿರ ಟಿಕೆಟ್ ಬುಕ್ ಮಾಡಿಸಿ ಮೆಲ್ಬರ್ನಿಗೆ ಹೋದೆ.

ಹೋಗಿ ನೋಡಿದರೆ ಅಣ್ಣ ತೆಳ್ಳಗಾಗಿರಲಿಲ್ಲ, ಹಾಸಿಗೆ ಹಿಡಿದಿರಲಿಲ್ಲ. ಬೆಳಿಗ್ಗೆ ಟ್ರಾಮ್ ಹಿಡಿದು ಹೋಗಿ ಮೀನು ತರುತ್ತಾನೆ, ಗಿಡಕ್ಕೆ ನೀರು ಹಾಕುತ್ತಾನೆ. ಆ ಮನೆಯಲ್ಲಿ ಕಾಯಿ ಹೆರೆಯುವುದು, ಅಂದರೆ ತೆಂಗಿನಕಾಯಿ ತುರಿಯುವುದು, ಅವನ ಕೆಲಸ. ಅತ್ತಿಗೆಯ ಕಾಲದ ಹೆರೆಮಣೆ ಓಹಾಯೋ ತಿರುಗಿ ಮೆಲ್ಬರ್ನಿಗೂ ಬಂದಿದೆ. ಅದರ ಮೇಲೆ ಕೂತು ಕಾಯಿ ಹೆರೆಯುವಾಗ ಅವನಿಗೆ ಮಾತು ಬರುವುದು. ಒಂದು ಕಾಯಿ ಮುಗಿಯುವಷ್ಟರಲ್ಲಿ ಒಂದು ಕಥೆ. ಈಗ ಕರ್ ಕರ್ ಅನ್ನುವ ಸದ್ದು ಬಿಟ್ಟರೆ ಮತ್ತೆ ಎಂತದೂ ಇಲ್ಲ.

"ಬೈದದ್ದಕ್ಕೆ ಬೇಜಾರಾ?" ಅಂತ ಕೇಳಿದೆ.

"ಬೈಯಲಿ. ಅಸುರನ ಅರ್ಥ ಹೇಳಿದವನಿಗೆ ಬೈಗಳು ಬಂದರೆ ಹೇಳಿದ್ದು ಸರಿಯಾಗಿದೆ ಅಂತ."

"ಮತ್ತೆ?"

"ಎದುರು ಅರ್ಥ ಬರಲಿಲ್ಲವಲ್ಲ ಮಾರಾಯ್ತಿ. ನಡುವಿನಲ್ಲಿ ಎದ್ದು ಬಂದ ಹಾಗಾಯಿತು. ಶೇಖರಣ್ಣನ ಜಗಲಿಯಲ್ಲಿ ಯಾರಾದರೂ ಹಾಗೆ ಎದ್ದದ್ದುಂಟಾ?"

ಇಲ್ಲ ಅಂದೆ. ಉಂಟು ಅಂತ ಹೇಳಲಿಕ್ಕೆ ನನಗೂ ನೆನಪಿರಲಿಲ್ಲ.

ಅದೇ ವಾರ ಸಂಕ್ರಾಂತಿ. ನಮ್ಮ ಕಡೆ ಅದರ ಗೌಜಿ ಕಡಿಮೆ. ಮೈಸೂರಿನವರು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ ಎಲ್ಲ ಸಣ್ಣದಾಗಿ ಹೆಚ್ಚಿ ಬೆರೆಸಿ ಮನೆಮನೆಗೆ ಹಂಚುತ್ತಾರೆ. ಶನಿವಾರ ಮಧ್ಯಾಹ್ನ, ಕೆಂಡದಂಥ ಬಿಸಿಲು, ಬಾಗಿಲು ಬಡಿದ ಸದ್ದು. ತೆಗೆದರೆ ಲಕ್ಷ್ಮೀಶ, ಅವರ ಹೆಂಡತಿ ಅಹಲ್ಯಾ, ರೇಷ್ಮೆ ಲಂಗದ ಕೆಳಗೆ ಓಡುವ ಶೂ ಹಾಕಿಕೊಂಡ ಮಗಳು ಪ್ರಣತಿ. ಅಕ್ಟೋಬರಿನ ನಂತರ ಅವರು ಈ ಮನೆಗೆ ಬಂದದ್ದು ಅವತ್ತೇ. ಎಳ್ಳು ಹಂಚುವಾಗ ಯಾರ ಮನೆಯನ್ನೂ ಬಿಡುವ ಹಾಗಿಲ್ಲ ಅಂತ ಅಹಲ್ಯಾ ಎಳೆದು ತಂದದ್ದು ಅಂತ ಆಮೇಲೆ ತಿಳಿಯಿತು. ಲಕ್ಷ್ಮೀಶ ಸೋಫಾದ ತುದಿಯಲ್ಲಿ ಕೂತಿದ್ದರು.

ಅಹಲ್ಯಾ ಎಳ್ಳುಬೆಲ್ಲದ ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು, "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಅಂಕಲ್" ಅಂದಳು. ಅದು ಆ ಹಬ್ಬದಲ್ಲಿ ಎಲ್ಲರಿಗೂ ಹೇಳುವ ಮಾತು.

ಅಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ನಿಧಾನಕ್ಕೆ ಜಗಿದ. "ತಿಂದದ್ದಾಯಿತಮ್ಮ. ಮಾತಾಡಲಿಕ್ಕೆ ನಿನ್ನ ಯಜಮಾನರು ಬಿಡಬೇಕಲ್ಲ" ಅಂದ.

ಸುಕೇಶ್ ಕೆಮ್ಮಿದ. ನಿಶ್ಮಿತಾ ಕಾಫಿ ತರುತ್ತೇನೆ ಅಂತ ಒಳಗೆ ಓಡಿದಳು. ಲಕ್ಷ್ಮೀಶರ ಮುಖ ಸಣ್ಣದಾಯಿತು. ಮಾತು ಬದಲಾಯಿಸಲಿಕ್ಕೆ ಮಗಳನ್ನು ಮುಂದೆ ಮಾಡಿದರು. "ಆಂಟಿ, ನಮ್ಮ ಪ್ರಣತಿ ಹೋದ ಟರ್ಮಲ್ಲಿ ಸ್ಕೂಲ್ ಡಿಬೇಟ್‌ನಲ್ಲಿ ಬೆಸ್ಟ್ ಸ್ಪೀಕರ್ ಗೊತ್ತಾ? ಮಕ್ಕಳು ಸ್ಕೂಲಿಗೆ ಮೊಬೈಲ್ ತರಬಾರದು ಅಂತ ಎಂಥಾ ವಾದ ಮಾಡಿದಳು ಅಂತೀರಾ! ಹೆಡ್ ಟೀಚರ್ ಎದ್ದು ನಿಂತು ಚಪ್ಪಾಳೆ ಹೊಡೆದರು."

ಆ ಹುಡುಗಿಯ ಕೈಯಲ್ಲಿ ಆಗಲೂ ಮೊಬೈಲ್ ಇತ್ತು. ನನಗೆ ನಿಜವಾಗಿಯೂ ತಿಳಿಯಲಿಲ್ಲ. "ಒಳ್ಳೆಯದಾಯಿತು. ಮತ್ತೆ ಇದನ್ನು ಯಾವಾಗ ಬಿಡುತ್ತಾಳೆ?" ಅಂದೆ.

ಅಹಲ್ಯಾ ನಕ್ಕಳು. "ಇವಳಾ? ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ ಆಂಟಿ!"

"ಅಯ್ಯೋ, ಅದು ಅವಳ ಒಪೀನಿಯನ್ ಅಲ್ಲ ಆಂಟಿ" ಅಂದರು ಲಕ್ಷ್ಮೀಶ. "ಡಿಬೇಟ್‌ನಲ್ಲಿ ಸೈಡ್ ಕೊಡ್ತಾರೆ. ನೀನು ಪರ, ನೀನು ವಿರೋಧ ಅಂತ. ಕೊಟ್ಟ ಸೈಡಿಗೆ ಮಾತಾಡಬೇಕು. ಅದೇ ಅದರ ಮಜಾ. ತನಗೆ ಇಷ್ಟ ಇಲ್ಲದ್ದನ್ನ ಎಷ್ಟು ಚೆನ್ನಾಗಿ..."

ಅಷ್ಟು ಹೇಳಿ ನಿಲ್ಲಿಸಿದರು. ಅಣ್ಣನನ್ನು ನೋಡಿದರು. ಅಣ್ಣ ಡಬ್ಬಿಯೊಳಗೆ ಕೊಬ್ಬರಿಯ ಚೂರು ಹುಡುಕುತ್ತಿದ್ದ.

"ಸರ್" ಅಂದರು ಲಕ್ಷ್ಮೀಶ. "ಆ ಡೇಲ್..."

"ಡೇಲ್ ನಿಮ್ಮ ಮಗಳ ಮೊಬೈಲ್" ಅಂದ ಅಣ್ಣ.

"ಹಾಗಾದ್ರೆ ಮುಂದೆ ಜೊತೆ ಕೆಲಸದವರು ಅಂದ್ರಲ್ಲ, ಅವರು..."

"ಅವರು ಎದುರು ಪಾರ್ಟಿ. ಓಟಿಸ್. ಡೇಲ್ ಕಟ್ಟಿದ್ದನ್ನೆಲ್ಲ ಕೆಡವಲಿಕ್ಕೆ ಇದ್ದವರು."

"ನನಗೆ ಹೇಳಬಾರದಿತ್ತಾ ಸರ್?"

"ಹೇಳಬೇಕಿತ್ತು" ಅಂದ ಅಣ್ಣ. "ಅದು ನನ್ನ ತಪ್ಪು. ಇನ್ನೊಂದು ತಪ್ಪೂ ಆಗಿದೆ. ಎದುರು ಕೂರುವವ ಇಲ್ಲದೆ ಒಬ್ಬನೇ ಕೂತೆ. ಎದುರಿಗೆ ಒಬ್ಬ ಇದ್ದಿದ್ದರೆ ನಡುವಿನಲ್ಲಿ ರೇಡಿಯೋ ಹಾಕಿದವನಿಗೂ ಇದು ವಾದ ಅಂತ ತಿಳಿಯುತ್ತಿತ್ತು."

ಪ್ರಣತಿಗೆ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳು ಅಪ್ಪನ ಕಡೆ ತಿರುಗಿ ಏನೋ ಹೇಳಿದಳು. ಎಲ್ಲರೂ ನಕ್ಕರು. ನಿಶ್ಮಿತಾ ಕಾಫಿ ಕೊಡುತ್ತಾ ನನಗೆ ತುಳುವಿನಲ್ಲಿ ಹೇಳಿದಳು: "ಮಾಮಿ, ಡಿಬೇಟಿನಲ್ಲಿ ಒಂದು ತಂಡವನ್ನು ಮಾತಾಡಿಸಿ ಇನ್ನೊಂದನ್ನು ಮನೆಗೆ ಕಳಿಸಿದರೆ ಅದಕ್ಕೆ ಮೋಸ ಅನ್ನುತ್ತಾರೆ ಪಪ್ಪ ಅಂತ ಹೇಳಿದಳು."

ಲಕ್ಷ್ಮೀಶ ಒಳ್ಳೆಯ ಮನುಷ್ಯ. ಕಾಫಿ ಮುಗಿಸುವಷ್ಟರಲ್ಲಿ, "ಫೆಬ್ರವರಿಯ ಮೊದಲ ಭಾನುವಾರ ಮಾಡೋಣ ಸರ್. ಎಲೆಕ್ಷನ್ ಮುಗಿದಿದೆ, ಕಮಿಟಿಯವರನ್ನ ನಾನು ಒಪ್ಪಿಸ್ತೀನಿ. ನೀವು ಓಟಿಸ್ ಅವರದ್ದು ಹೇಳಿಬಿಡಿ" ಅಂದರು.

"ಒಬ್ಬನೇ ಕೂರುವುದಿಲ್ಲ" ಅಂದ ಅಣ್ಣ.

"ಮತ್ತೆ ಯಾರು ಬೇಕು?"

"ಡೇಲ್ ಬೇಕು. ಡೇಲ್‌ನ ಅರ್ಥ ನೀವು ಹೇಳಿ."

"ನಾನಾ? ಸರ್, ಆ ಯುದ್ಧ ಕಂಡ್ರೆ ನನಗೆ ಆಗಲ್ಲ!"

"ಅದಕ್ಕೇ ನೀವು. ಕೊಟ್ಟ ಸೈಡಿಗೆ ಮಾತಾಡಬೇಕು ಅಂತ ಈಗ ನೀವೇ ಹೇಳಿದ್ದಲ್ವಾ?"

"ಜನ ನನಗೆ ಬೈತಾರೆ ಸರ್!"

"ಬೈಯಲಿ. ಬೈದರೆ ಸರಿಯಾಗಿ ಹೇಳಿದ್ದೀರಿ ಅಂತ."

ಮುಂದಿನ ಎರಡು ವಾರ ಲಕ್ಷ್ಮೀಶ ಆಫೀಸು ಬಿಟ್ಟು ನೇರ ಇಲ್ಲಿಗೇ ಬರುತ್ತಿದ್ದರು. ಅಣ್ಣ ಹೆರೆಮಣೆಯ ಮೇಲೆ, ಅವರು ಎದುರು ಕುರ್ಚಿಯಲ್ಲಿ. ಮೊದಲಿಗೆ ಅವರು ಡೇಲ್‌ನ ಮಾತನ್ನು ಪೆದ್ದನ ಮಾತಿನ ಹಾಗೆ ಹೇಳುತ್ತಿದ್ದರು. ಅಣ್ಣ ಬಿಡಲಿಲ್ಲ. "ಹಾಗೆ ಅಲ್ಲ. ನೀವೂ ಆ ಮ್ಯೂಸಿಯಂನ ಹೆಂಗಸಿನ ಹಾಗೆ ನಗುತ್ತಿದ್ದೀರಿ. ಅವರ ಮಗ ಅಲ್ಲಿದ್ದಾನೆ. ಪ್ರಣತಿಯನ್ನು ನೆನೆಸಿಕೊಂಡು ಹೇಳಿ" ಅಂದ. ಲಕ್ಷ್ಮೀಶ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದ್ದು ಬೇರೆಯೇ ಇತ್ತು. ಒಳಗೆ ಕೊತ್ತಂಬರಿ ಹುರಿಯುತ್ತಿದ್ದ ನಾನು ಸೌಟು ನಿಲ್ಲಿಸಿ ಕೇಳಿದೆ. ಅಣ್ಣ ಇಷ್ಟು ಮಾತಾಡಿ ಮೂರು ತಿಂಗಳಾಗಿತ್ತು ಅಂತ ಸುಕೇಶ್ ನನ್ನ ಕಿವಿಯಲ್ಲಿ ಹೇಳಿದ.

ಆ ಭಾನುವಾರ ಇಬ್ಬರೂ ಸ್ಟುಡಿಯೋಕ್ಕೆ ಹೋದರು. ಸುಕೇಶ್ ಕಾರಿನಲ್ಲಿ ಬಿಟ್ಟ. ನಾನೂ ನಿಶ್ಮಿತಾನೂ ಅಡುಗೆಮನೆಯಲ್ಲಿ ರೇಡಿಯೋ ಹಾಕಿ ಕೂತೆವು. ಈ ಸಲ ನಡುನಡುವೆ, ಇದು ಇಬ್ಬರು ಅಮೆರಿಕದವರ ವಾದ ಅಂತ ರೇಡಿಯೋದ ಹುಡುಗಿಯೊಬ್ಬಳು ಹೇಳುತ್ತಾ ಇದ್ದಳು. ಲಕ್ಷ್ಮೀಶ ಡೇಲ್ ಆದರು. ತೊದಲಿದರು, ಒಂದು ಕಡೆ ಓಹಾಯೋ ಅನ್ನುವ ಬದಲು ಮೈಸೂರು ಅಂದುಬಿಟ್ಟರು. ಆದರೂ ಚೆನ್ನಾಗಿ ಹೇಳಿದರು. ಅಣ್ಣ ಓಟಿಸ್ ಆಗಿ ಶುರು ಮಾಡಿದ:

"ಡೇಲ್, ನಿನ್ನ ಮಗ ನನಗೆ ಬೇಡದವನ ಹಾಗೆ ಮಾತಾಡಬೇಡ. ಅವನು ಸಣ್ಣವನಿರುವಾಗ ನನ್ನ ಟೋಪಿ ಹಾಕಿಕೊಂಡು ಈ ಮೇಜಿನ ಸುತ್ತ ಓಡಿದವ. ನಾನೂ ಹತ್ತೊಂಬತ್ತರಲ್ಲಿ ಸಮವಸ್ತ್ರ ಹಾಕಿದವನೇ. ನನ್ನ ತಾಯಿಯೂ ನಿನ್ನ ಹಾಗೆಯೇ ಇದು ಸರಿಯಾದ ಯುದ್ಧ ಅಂತ ಹೇಳಿಕೊಂಡು ನಿದ್ರೆ ಮಾಡಿದಳು. ನಾನು ತಿರುಗಿ ಬಂದೆ. ಅಡುಗೆಮನೆಯ ಕುರ್ಚಿಯಲ್ಲಿ ಕೂತೆ. ಆಮೇಲೆ ಅವಳಿಗೆ ನಿದ್ರೆ ಬರಲಿಲ್ಲ, ನನ್ನ ಮುಖ ನೋಡಿ. ಮಗನನ್ನು ಪ್ರೀತಿಸು, ಕಳಿಸಿದವರನ್ನು ಕೇಳು. ಎರಡೂ ಒಂದೇ ಬಾಯಲ್ಲಿ ಆಗುತ್ತದೆ. ಮತ್ತೆ ಆ ಕೆಂಪು ಚಿತ್ರದ ವಿಷಯ. ನಿನ್ನನ್ನು ನೋಡಿ ನಕ್ಕ ಹೆಂಗಸು ಆ ಚಿತ್ರವನ್ನು ನೋಡಲೇ ಇಲ್ಲ, ನಾನು ಅಲ್ಲೇ ನಿಂತಿದ್ದೆ. ನೀನು ನೋಡಿದ್ದೆ. ಗ್ಯಾರೇಜಿನ ಬಾಗಿಲು ನೆನಪಾಗುವಷ್ಟು ನೋಡಿದ್ದೆ."

ನಿಶ್ಮಿತಾ ಕಣ್ಣೊರೆಸಿಕೊಂಡಳು. ನಾನು ಬಂಗುಡೆ ಮೀನಿನ ಹೊಟ್ಟೆ ಸೀಳುತ್ತಿದ್ದೆ, ಕೈ ಒದ್ದೆ.

ಕಾರ್ಯಕ್ರಮ ಮುಗಿದದ್ದೇ ಲಕ್ಷ್ಮೀಶರ ಮೊಬೈಲಿಗೆ ಫೋನು. ಶಿವಬಸಪ್ಪ. ಅದನ್ನು ಅಣ್ಣ ಮನೆಗೆ ಬಂದು ಅವರದ್ದೇ ದನಿಯಲ್ಲಿ ಮಾಡಿ ತೋರಿಸಿದ: "ಏನ್ರಿ ಸರ, ನೀವೂ ಆ ಕಡೆ ಹ್ವಾದ್ರೇನ?" ಅಂತ ತಮಾಷೆ ಮಾಡಿದರಂತೆ. ಆಮೇಲೆ ದನಿ ಇಳಿಸಿ, "ಆ ಓಟಿಸ್ ಅನ್ನಾವ್ರು ಇನ್ನೂ ಅದಾರೇನ್ರಿ? ಅವರಿಗೆ ನಂದೊಂದು ನಮಸ್ಕಾರ ಹೇಳ್ರಿ" ಅಂದರಂತೆ. ಇನ್ನೊಬ್ಬರು ಯಾರೋ ಮಾತ್ರ ಲಕ್ಷ್ಮೀಶರಿಗೆ ಸರಿಯಾಗಿಯೇ ಬೈದರಂತೆ, ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ ಅಂತ. ಎಷ್ಟು ಸಲ ಹೇಳಿದರೂ ನಡುವಿನಲ್ಲಿ ರೇಡಿಯೋ ಹಾಕುವವರು ಇದ್ದೇ ಇರುತ್ತಾರೆ.

"ಲಕ್ಷ್ಮೀಶರಿಗೆ ಬೇಜಾರಾಯಿತಾ?" ಅಂತ ಕೇಳಿದೆ.

"ಎಂತ ಬೇಜಾರು? ಕಾರಿನಲ್ಲಿ ಪೂರ್ತಿ ಅದನ್ನೇ ಹೇಳಿಕೊಂಡು ನಗುತ್ತಾ ಬಂದರು. ಮುಂದಿನ ಸಲ ಯಾವ ಸೈಡು ಅಂತ ಕೇಳಿದರು."

ಸುಕೇಶ್ ಆಗಲೇ ಕಂಪ್ಯೂಟರಿನ ಎದುರು ಕೂತು ಓಟಿಸ್‌ರಿಗೆ ಕಳಿಸಲಿಕ್ಕೆ ಸಿ.ಡಿ. ಮಾಡುತ್ತಿದ್ದ. ಪಪ್ಪ, ಮೇಲೆ ಅವರ ಹೆಸರು ದೊಡ್ಡದಾಗಿ ಬರೆಯಲಾ ಅಂತ ಒಳಗಿನಿಂದ ಕೇಳಿದ. ಬರೆ, ಡೇಲ್‌ನದ್ದಕ್ಕಿಂತ ದೊಡ್ಡದು ಬೇಡ, ಜಗಳ ಆಗುತ್ತದೆ ಅಂದ ಅಣ್ಣ.

ಆಮೇಲೆ ಅಡುಗೆಮನೆಗೆ ಬಂದು ಸಾರಿಗೆ ಕಾಯಿ ಆಗಿಲ್ಲವಾ ಅಂತ ಕೇಳಿದ. ಇಲ್ಲ, ನಿನಗೇ ಇಟ್ಟಿದ್ದೇನೆ ಅಂದೆ. ತೋಳು ಮಡಚಿ, ಹೆರೆಮಣೆ ಎಳೆದು ಕೂತ. ಚರ್ಚಿನಲ್ಲಿ ಓಟಿಸ್ ಹಾಡುವಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ಪ್ರತಿ ಸಲ ನಿದ್ರೆ ಹೋಗುತ್ತಿದ್ದ ಕಥೆ ತೆಗೆದ. ಅದು ನನಗೆ ಗೊತ್ತಿದ್ದದ್ದೇ. ನಾನು ಹೂಂ ಹೂಂ ಅನ್ನುತ್ತಾ ಬಂಗುಡೆಗೆ ಉಪ್ಪು ಅರಸಿನ ಸವರಿದೆ. ಒಂದು ಹೋಳು ಮುಗಿಯಿತು. ಅಣ್ಣ ಇನ್ನೊಂದು ಹೋಳು ಕೈಗೆ ತೆಗೆದುಕೊಂಡು ಹೆರೆಯಲಿಕ್ಕೆ ಶುರು ಮಾಡಿದ.